ಕಪ್ಪು ಮಣ್ಣಿನ ಮೇಲೆ ಎಳೆದ ಗೆರೆ: ಅಲಬಾಮಾದ ಕ್ಷೇತ್ರ ಜಗಳ ಯಾಕೆ ಮುಗೀತಾನೇ ಇಲ್ಲ

2025ರ ಅಕ್ಟೋಬರ್ 15ಕ್ಕೆ ಅಮೆರಿಕದ ಸುಪ್ರೀಂ ಕೋರ್ಟಲ್ಲಿ ಲೂಸಿಯಾನ ರಾಜ್ಯದ ಕ್ಷೇತ್ರ ವಿಂಗಡಣೆಯ ಒಂದು ಕೇಸು ಎರಡನೇ ಸಲ ವಿಚಾರಣೆಗೆ ಬಂತು, ಅದರ ಜೊತೆಗೇ ಹತ್ತಿರದ ಅಲಬಾಮಾ ರಾಜ್ಯದ ಹೆಸರೂ ಸುದ್ದಿಗೆ ಬಂತು. ತುಂಬಾ ಜನಕ್ಕೆ ಗೊಂದಲ ಆಗಿದ್ದು ಇಲ್ಲೇ. ಕೇಸು ಲೂಸಿಯಾನದ್ದು, ಅಲಬಾಮಾಗೆ ಅದರಿಂದ ಏನು? 2023ರಲ್ಲಿ ಇದೇ ಕೋರ್ಟು ಅಲಬಾಮಾದ ಕಪ್ಪು ಮತದಾರರ ಪರ ತೀರ್ಪು ಕೊಟ್ಟು ಮುಗಿಸಿತ್ತಲ್ಲ, ಎರಡೇ ವರ್ಷಕ್ಕೆ ಹೆಚ್ಚುಕಮ್ಮಿ ಅದೇ ಪ್ರಶ್ನೆ ವಾಪಸ್ ಯಾಕೆ ಬಂತು? ಇನ್ನು ಕೆಲವರು ಇದನ್ನ "ಕಪ್ಪು ಜನಕ್ಕೆ ಮೀಸಲು ಕ್ಷೇತ್ರ" ಅಂತ ಬರೀತಿದಾರೆ, ಅದು ಪೂರ್ತಿ ತಪ್ಪು.

ಮೊದಲು ಆ ತಪ್ಪನ್ನ ಸರಿ ಮಾಡ್ಕೊಳ್ಳೋಣ. ನಮ್ಮಲ್ಲಿ ಎಸ್‌ಸಿ, ಎಸ್‌ಟಿ ಮೀಸಲು ಕ್ಷೇತ್ರ ಅಂದ್ರೆ ಆ ಸಮುದಾಯದವರು ಮಾತ್ರ ನಿಲ್ಲಬಹುದು. ಅಮೆರಿಕದಲ್ಲಿ ಆ ಥರ ಏನೂ ಇಲ್ಲ, ಯಾವ ಕ್ಷೇತ್ರದಲ್ಲಿ ಯಾರು ಬೇಕಾದ್ರೂ ನಿಲ್ಲಬಹುದು. ಅಲ್ಲಿನ ಪ್ರಶ್ನೆ ಇಷ್ಟೇ, ಒಂದೇ ಕಡೆ ವಾಸ ಮಾಡೋ ಜನರನ್ನ ಗೆರೆ ಎಳೆದು ಮೂರು ನಾಲ್ಕು ಕ್ಷೇತ್ರಕ್ಕೆ ಹಂಚಿಬಿಟ್ರೆ ಅವರು ಎಲ್ಲಾ ಕಡೆ ಅಲ್ಪಸಂಖ್ಯಾತರಾಗಿ ಎಲ್ಲೂ ಗೆಲ್ಲಕ್ಕಾಗಲ್ಲ, ಹಾಗೆ ಮಾಡಬಹುದಾ ಅಂತ. ಇನ್ನೊಂದು ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ಗೆರೆ ಎಳೆಯೋಕೆ ಡಿಲಿಮಿಟೇಶನ್ ಆಯೋಗ ಇದೆ. ಅಲಬಾಮಾದಲ್ಲಿ ಅಮೆರಿಕ ಸಂಸತ್ತಿನ ಕ್ಷೇತ್ರಗಳ ಗೆರೆ ಎಳೆಯೋರು ರಾಜ್ಯದ ಶಾಸಕರೇ, ಅಂದ್ರೆ ಬಹುಮತ ಇರೋ ಪಕ್ಷ ತನ್ನ ಕ್ಷೇತ್ರ ಹೇಗಿರಬೇಕು ಅಂತ ತಾನೇ ತೀರ್ಮಾನ ಮಾಡುತ್ತೆ.

2021ರಿಂದ ಇಲ್ಲೀವರೆಗೆ ಆಗಿದ್ದೇನು

ಅಲಬಾಮಾದ ಜನಸಂಖ್ಯೆ 2020ರ ಗಣತಿ ಪ್ರಕಾರ 50 ಲಕ್ಷದ ಆಸುಪಾಸು, ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ ಅದಕ್ಕೆ 7 ಸೀಟು. ಜನರಲ್ಲಿ ಹೆಚ್ಚುಕಮ್ಮಿ 27% ಕಪ್ಪು ಜನ. 2021ರಲ್ಲಿ ರಿಪಬ್ಲಿಕನ್ ಬಹುಮತದ ಶಾಸನಸಭೆ ಮಾಡಿದ ನಕ್ಷೆಯಲ್ಲಿ ಕಪ್ಪು ಜನ ತಮಗೆ ಬೇಕಾದವರನ್ನ ಗೆಲ್ಲಿಸೋ ಸ್ಥಿತಿಯಲ್ಲಿ ಇದ್ದಿದ್ದು ಒಂದೇ ಕ್ಷೇತ್ರದಲ್ಲಿ, 7ನೇದು. ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ ಜನ, ಏಳರಲ್ಲಿ ಒಂದು ಸೀಟು. ಕಪ್ಪು ಮತದಾರರು ಕೋರ್ಟಿಗೆ ಹೋದ್ರು. 2022ರ ಜನವರಿಯಲ್ಲಿ ಮೂವರು ಜಡ್ಜ್‌ಗಳ ಫೆಡರಲ್ ಪೀಠ ನಕ್ಷೆ ಕಾನೂನುಬಾಹಿರ ಅಂತ ಒಮ್ಮತದಿಂದ ಹೇಳ್ತು, ಆ ಮೂವರಲ್ಲಿ ಇಬ್ಬರು ಟ್ರಂಪ್ ನೇಮಿಸಿದವರು ಅನ್ನೋದು ಗಮನಿಸಬೇಕಾದ ವಿಷಯ. ಆದ್ರೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು, 2022ರ ಚುನಾವಣೆ ಹಳೇ ನಕ್ಷೆಯಲ್ಲೇ ನಡೆದುಹೋಯ್ತು.

2023ರ ಜೂನ್ 8ಕ್ಕೆ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಮತದಾರರ ಪರ ನಿಂತಿತು. ರಾಜ್ಯ ಹೊಸ ನಕ್ಷೆ ಮಾಡ್ಬೇಕಾಯ್ತು. ಜುಲೈನಲ್ಲಿ ಶಾಸನಸಭೆ ಕೊಟ್ಟ ನಕ್ಷೆಯಲ್ಲಿ 2ನೇ ಕ್ಷೇತ್ರದ ಕಪ್ಪು ಮತದಾರರ ಪಾಲು ಸುಮಾರು 40%ಗೆ ಏರಿತ್ತು ಅಷ್ಟೇ, ಅಲ್ಲಿನ ಮತದಾನದ ರೀತಿ ನೋಡಿದ್ರೆ ಅದು ಗೆಲ್ಲೋ ಸಂಖ್ಯೆ ಅಲ್ಲ. ಸೆಪ್ಟೆಂಬರ್‌ನಲ್ಲಿ ಪೀಠ ಅದನ್ನೂ ತಳ್ಳಿಹಾಕಿ, ತಾನೇ ನೇಮಿಸಿದ ತಜ್ಞರ ಕೈಲಿ ನಕ್ಷೆ ಮಾಡಿಸ್ತು. ಹೊಸ 2ನೇ ಕ್ಷೇತ್ರ ಪಶ್ಚಿಮದ ಮೊಬೀಲ್ ಊರಿಂದ ಮಾಂಟ್ಗೊಮರಿ ಮೇಲೆ ಹಾದು ಜಾರ್ಜಿಯಾ ಗಡಿವರೆಗೆ ಹರಡಿದೆ, ಅಲ್ಲೂ ಕಪ್ಪು ಮತದಾರರು 48.7%, ಅರ್ಧಕ್ಕಿಂತ ಕಮ್ಮಿಯೇ. 2024ರ ನವೆಂಬರ್‌ನಲ್ಲಿ ಅಲ್ಲಿಂದ ಡೆಮಾಕ್ರಾಟ್ ಶೊಮಾರಿ ಫಿಗರ್ಸ್ ಗೆದ್ರು, 7ನೇ ಕ್ಷೇತ್ರದಿಂದ ಟೆರಿ ಸೂವೆಲ್ ಮೊದಲೇ ಇದ್ರು. ಅಲಬಾಮಾದ ಇತಿಹಾಸದಲ್ಲಿ ಇಬ್ಬರು ಕಪ್ಪು ಪ್ರತಿನಿಧಿಗಳು ಒಟ್ಟಿಗೆ ಕೆಳಮನೆಯಲ್ಲಿ ಕೂತಿದ್ದು ಅದೇ ಮೊದಲು.

ಮುಂದೆ 2025ರ ಮೇ ತಿಂಗಳಲ್ಲಿ ಪೀಠ ಇನ್ನೊಂದು ಹೆಜ್ಜೆ ಇಟ್ಟು, 2023ರಲ್ಲಿ ಶಾಸನಸಭೆ ಮಾಡಿದ ನಕ್ಷೆ ಬೇಕಂತಲೇ ಮಾಡಿದ ತಾರತಮ್ಯ ಅಂತ ತೀರ್ಪು ಕೊಡ್ತು. ಈ ಮಾತು ನೆನಪಲ್ಲಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಜಗಳದ ಬೇರು ಮಣ್ಣಲ್ಲಿದೆ

ಈ ಕಪ್ಪು ಜನ ಇಡೀ ರಾಜ್ಯದಲ್ಲಿ ಸಮನಾಗಿ ಹರಡ್ಕೊಂಡಿದ್ರೆ ಈ ಕೇಸೇ ಇರ್ತಿರಲಿಲ್ಲ. ಅವರು ಒಂದು ಪಟ್ಟಿಯಲ್ಲಿ ಇದಾರೆ, ಯಾಕೆ ಅಂತ ತಿಳ್ಕೊಳ್ಳೋಕೆ ರಾಜ್ಯದ ಭೂಗೋಳ ನೋಡ್ಬೇಕು. ಉತ್ತರದಲ್ಲಿ ಟೆನೆಸ್ಸೀ ನದಿ ಕಣಿವೆ, ಅಪಲೇಷಿಯನ್ ಬೆಟ್ಟಸಾಲಿನ ಬಾಲ, ಕೆಳಗೆ ಕಬ್ಬಿಣ ಕಲ್ಲಿದ್ದಲಿನ ಬರ್ಮಿಂಗ್‌ಹ್ಯಾಮ್, ತುದಿಯಲ್ಲಿ ಮೊಬೀಲ್ ಬಂದರು ಮತ್ತು ಸಮುದ್ರ. ಇವೆರಡರ ಮಧ್ಯೆ ರಾಜ್ಯಕ್ಕೆ ಅಡ್ಡಲಾಗಿ ಕಮಾನಿನ ಥರ ಒಂದು ಪಟ್ಟಿ ಇದೆ, ಅದರ ಹೆಸರು ಬ್ಲ್ಯಾಕ್ ಬೆಲ್ಟ್. ಕೋಟ್ಯಂತರ ವರ್ಷದ ಹಿಂದೆ ಇಲ್ಲಿ ಆಳ ಇಲ್ಲದ ಸಮುದ್ರ ಇತ್ತು, ಅದರ ತಳದಲ್ಲಿ ಕೂತ ಸುಣ್ಣದ ಪದರದ ಮೇಲೆ ಕಪ್ಪು ಜೇಡಿಮಣ್ಣು ಬೆಳೀತು. ಮಳೆ ಬಂದ್ರೆ ಉಬ್ಬಿ ಅಂಟುತ್ತೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರುಕು ಬಿಡುತ್ತೆ. ಗದಗ, ಧಾರವಾಡ ಕಡೆಯ ಎರೆಹೊಲ ನೋಡಿದವರಿಗೆ ಜಾಸ್ತಿ ವಿವರಿಸೋದು ಬೇಡ, ಹುಟ್ಟಿದ ಕಲ್ಲು ಬೇರೆ ಆದ್ರೂ ಸ್ವಭಾವ ಅದೇ, ಬೆಳೆಯೂ ಅದೇ, ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನ ಕರೆಸಿ ಧಾರವಾಡ ಸೀಮೆಯಲ್ಲಿ ಅಮೆರಿಕನ್ ತಳಿ ಬೆಳೆಸಿದ್ದು, ಆಮೇಲೆ ಅಲ್ಲಿ ಅಂತರ್ಯುದ್ಧ ಆಗಿ ದಕ್ಷಿಣದ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬೆಲೆ ಬಂದಿದ್ದು ನಿಜವಾದ ನಂಟು.

ಈ ನೆಲ ಮೊದಲು ಕ್ರೀಕ್ ಮೂಲನಿವಾಸಿಗಳದ್ದು. 1814ರ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ ಅವರಿಂದ ಎರಡು ಕೋಟಿ ಎಕರೆಗೂ ಮೀರಿ ಭೂಮಿ ಕಿತ್ಕೊಂಡ್ರು, 1819ರಲ್ಲಿ ಅಲಬಾಮಾ ರಾಜ್ಯ ಆಯ್ತು, 1836ರಲ್ಲಿ ಉಳಿದ ಕ್ರೀಕ್ ಜನರನ್ನೂ ಪಶ್ಚಿಮಕ್ಕೆ ಅಟ್ಟಿದ್ರು. ಖಾಲಿಯಾದ ಕಪ್ಪು ಮಣ್ಣಿಗೆ ಪ್ಲಾಂಟರುಗಳು, ಅಂದ್ರೆ ದೊಡ್ಡ ಹತ್ತಿ ತೋಟದ ಮಾಲೀಕರು ಬಂದ್ರು, ದುಡಿಯೋಕೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಗುಲಾಮರನ್ನ ಕೊಂಡು ತಂದ್ರು. 1860ರ ಹೊತ್ತಿಗೆ ರಾಜ್ಯದ ಸುಮಾರು 9,64,000 ಜನರಲ್ಲಿ 4,35,000 ಜನ ಗುಲಾಮರು. ಹತ್ತಿ ಎಲ್ಲಿ ಚೆನ್ನಾಗಿ ಬೆಳೀತೋ ಅಲ್ಲೇ ಗುಲಾಮರು ಜಾಸ್ತಿ, ಅವರ ಮೊಮ್ಮಕ್ಕಳು ಮರಿಮಕ್ಕಳು ಇವತ್ತಿಗೂ ಅಲ್ಲೇ. ಹಾಗಾಗಿ ಕಪ್ಪು ಜನ ಒಂದೇ ಕಡೆ ಸೇರಿರೋದನ್ನ ಆಕಸ್ಮಿಕ ಅನ್ನೋಕೆ ಆಗಲ್ಲ, ಅವರನ್ನ ಅಲ್ಲಿಗೆ ತಂದು ಕೂಡಿಹಾಕಿದ್ದು.

ತಲೆ ಲೆಕ್ಕಕ್ಕೆ ಉಂಟು, ಓಟಿಗೆ ಇಲ್ಲ

ಈ ಕಥೆಯಲ್ಲಿ ಪದೇ ಪದೇ ಬರೋ ಒಂದು ತಂತ್ರ ಇದೆ. ಕಪ್ಪು ಜನರ ತಲೆ ಎಣಿಸಿ ಸೀಟು ತಗೊಳ್ಳೋದು, ಆ ಸೀಟಿನ ಮಾತು ಮಾತ್ರ ಅವರಿಗೆ ಕೊಡದೇ ಇರೋದು. ಗುಲಾಮಗಿರಿ ಕಾಲದಲ್ಲಿ ಅಮೆರಿಕದ ಸಂವಿಧಾನವೇ ಐದು ಗುಲಾಮರನ್ನ ಮೂವರು ಅಂತ ಎಣಿಸಿ ಅವರ ಮಾಲೀಕರ ರಾಜ್ಯಕ್ಕೆ ಸೀಟು ಹೆಚ್ಚಿಸ್ತಿತ್ತು. ಅಂತರ್ಯುದ್ಧ ಮುಗಿದು ಕಪ್ಪು ಗಂಡಸರಿಗೆ ಓಟು ಸಿಕ್ಕಾಗ ಅಲಬಾಮಾ ಮೂವರು ಕಪ್ಪು ಪ್ರತಿನಿಧಿಗಳನ್ನ ವಾಷಿಂಗ್ಟನ್‌ಗೆ ಕಳಿಸಿತ್ತು. ಮೊದಲನೆಯವರು ಸೆಲ್ಮಾದ ಬೆಂಜಮಿನ್ ಟರ್ನರ್, ಗುಲಾಮರಾಗಿ ಹುಟ್ಟಿದವರು. ಕೊನೆಯವರಾದ ಜೆರೆಮಯಾ ಹ್ಯಾರಲ್ಸನ್ ಅವಧಿ 1877ಕ್ಕೆ ಮುಗೀತು, ಆಮೇಲೆ 1993ರವರೆಗೂ ಒಬ್ಬರೂ ಇಲ್ಲ.

ಆ ಬಾಗಿಲು ಮುಚ್ಚಿದ್ದರಲ್ಲಿ ದೊಡ್ಡ ಪಾಲು 1901ರ ರಾಜ್ಯ ಸಂವಿಧಾನದ್ದು. ಅದನ್ನ ಬರೆದ ಸಭೆಯ ಅಧ್ಯಕ್ಷ ಜಾನ್ ನಾಕ್ಸ್, ಕಾನೂನಿನ ಮೂಲಕವೇ ಬಿಳಿಯರ ಆಧಿಪತ್ಯ ಸ್ಥಾಪಿಸೋದು ಗುರಿ ಅಂತ ಮುಚ್ಚುಮರೆ ಇಲ್ಲದೇ ಹೇಳಿದ್ದರು. ಓದು ಬರಹದ ಪರೀಕ್ಷೆ, ಆಸ್ತಿಯ ಷರತ್ತು, ವರ್ಷಕ್ಕೆ ಒಂದೂವರೆ ಡಾಲರ್ ಓಟಿನ ತೆರಿಗೆ, ಅದೂ ಕಟ್ಟದೇ ಹೋದ್ರೆ ಬಾಕಿ ಮೇಲೆ ಬಾಕಿ ಸೇರ್ತಾ ಹೋಗೋದು. 1900ರಲ್ಲಿ ಓಟಿಗೆ ಅರ್ಹರಾಗಿದ್ದ ಕಪ್ಪು ಗಂಡಸರು 1,81,000ದಷ್ಟು, 1903ಕ್ಕೆ ಪಟ್ಟಿಯಲ್ಲಿ ಉಳಿದೋರು 3,000ಕ್ಕೂ ಕಮ್ಮಿ. ಬಡ ಬಿಳಿಯರಲ್ಲೂ ಎಷ್ಟೋ ಜನ ಓಟು ಕಳ್ಕೊಂಡ್ರು.

ಇನ್ನೊಂದು ಕಡೆ ಕ್ಷೇತ್ರಗಳ ಗೆರೆ. ರಾಜ್ಯದ ಶಾಸನಸಭೆ 1901ರಲ್ಲಿ ಹಂಚಿಕೊಂಡ ಸೀಟುಗಳನ್ನ ಅರವತ್ತು ವರ್ಷ ಮುಟ್ಟಲೇ ಇಲ್ಲ. ಅಷ್ಟರಲ್ಲಿ ಬರ್ಮಿಂಗ್‌ಹ್ಯಾಮ್ ಇರೋ ಜೆಫರ್ಸನ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ) 6 ಲಕ್ಷ ದಾಟಿತ್ತು, ಅದಕ್ಕೆ ರಾಜ್ಯದ ಮೇಲ್ಮನೆಯಲ್ಲಿ ಒಬ್ಬ ಸೆನೆಟರ್. ಬ್ಲ್ಯಾಕ್ ಬೆಲ್ಟಿನ ಲೌಂಡ್ಸ್ ಕೌಂಟಿಯಲ್ಲಿ 15,417 ಜನ, ಅದಕ್ಕೂ ಒಬ್ಬ ಸೆನೆಟರ್. ಲೌಂಡ್ಸ್‌ನಲ್ಲಿ ನೂರಕ್ಕೆ ಎಂಬತ್ತು ಜನ ಕಪ್ಪು, 1965 ಶುರುವಾದಾಗ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಅಂದ್ರೆ ಸಾವಿರಾರು ಕಪ್ಪು ಜನರ ಲೆಕ್ಕದಲ್ಲಿ ಸಿಕ್ಕಿದ ಆ ಸೀಟಿನ ಅಧಿಕಾರ ಪೂರ್ತಿ ಬೆರಳೆಣಿಕೆಯ ಬಿಳಿ ಜಮೀನ್ದಾರರ ಕೈಲಿ. ಒಬ್ಬರಿಗೆ ಒಂದೇ ತೂಕದ ಓಟು ಅನ್ನೋ ತತ್ವವನ್ನ 1964ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಶಾಸನಸಭೆಗಳಿಗೆ ಹೇರಿದ್ದು ಇದೇ ಅಲಬಾಮಾ ಕೇಸಲ್ಲಿ.

ಟಸ್ಕೀಗಿ ಊರಿನ ಕಥೆ ಇನ್ನೂ ಕಣ್ಣಿಗೆ ಕಟ್ಟೋ ಹಾಗಿದೆ. ಅಲ್ಲಿನ ಕಾಲೇಜಿನಿಂದಾಗಿ ಓದಿದ ಕಪ್ಪು ಜನ ಜಾಸ್ತಿ, ಪರೀಕ್ಷೆ ತೆರಿಗೆ ಎಲ್ಲಾ ದಾಟಿ ಸುಮಾರು 400 ಜನ ಓಟು ಪಡೆದಿದ್ರು. 1957ರಲ್ಲಿ ಶಾಸನಸಭೆ ಚೌಕಾಕಾರದ ಊರಿನ ಗಡಿಯನ್ನ ಕತ್ತರಿಸಿ 28 ಮೂಲೆಗಳ ವಿಚಿತ್ರ ಆಕಾರ ಮಾಡಿಬಿಡ್ತು. ಗಡಿ ಹೊರಗೆ ಬಿದ್ದೋರು ಆ 400ರಲ್ಲಿ ನಾಲ್ಕೈದು ಜನ ಬಿಟ್ಟು ಎಲ್ಲರೂ, ಬಿಳಿಯರು ಒಬ್ಬರೂ ಇಲ್ಲ. ಮನೆ ಅಲ್ಲೇ, ಬೀದಿ ಅಲ್ಲೇ, ಬೆಳಿಗ್ಗೆ ಎದ್ದು ನೋಡಿದ್ರೆ ಆ ಊರಿನ ಮತದಾರರೇ ಅಲ್ಲ. 1960ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಒಪ್ಪಲಿಲ್ಲ.

ಸೆಲ್ಮಾ ಮತ್ತು ಕೋಳಿಹುಂಜದ ಚಿಹ್ನೆ

1965ರ ಮಾರ್ಚ್ 7ಕ್ಕೆ ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆ ಮೇಲೆ ಓಟಿನ ಹಕ್ಕು ಕೇಳ್ತಾ ಹೊರಟಿದ್ದವರನ್ನ ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಬಡಿದದ್ದು, ಮುಂದೆ ನಿಂತಿದ್ದ ಯುವ ನಾಯಕ ಜಾನ್ ಲೂಯಿಸ್ ತಲೆ ಒಡೆದದ್ದು ಟಿವಿಯಲ್ಲಿ ಇಡೀ ದೇಶ ನೋಡ್ತು. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆ ಬಂತು. ಕಾಯ್ದೆ ಬಂದ ಮೇಲೂ ಲೌಂಡ್ಸ್‌ನಲ್ಲಿ ಹೆಸರು ನೋಂದಾಯಿಸಿದ ಗೇಣಿದಾರರನ್ನ ಜಮೀನ್ದಾರರು ಒಕ್ಕಲೆಬ್ಬಿಸಿದ್ರು, ಆ ಕುಟುಂಬಗಳು ರಸ್ತೆ ಪಕ್ಕ ಟೆಂಟ್ ಹಾಕ್ಕೊಂಡು ಬದುಕಿದ್ವು.

ಆಗಿನ ಅಲಬಾಮಾ ಡೆಮಾಕ್ರಾಟಿಕ್ ಪಕ್ಷದ ಚಿಹ್ನೆ ಬಿಳಿ ಕೋಳಿಹುಂಜ, ಅದರ ಮೇಲೆ ಬಿಳಿಯರ ಆಧಿಪತ್ಯ ಅಂತಲೇ ಬರೆದಿತ್ತು, 1966ರವರೆಗೂ ಮತಪತ್ರದಲ್ಲಿ ಅದೇ. ಅದಕ್ಕೆ ಎದುರಾಗಿ ಲೌಂಡ್ಸ್‌ನ ಕಪ್ಪು ಜನ ಕಟ್ಟಿದ ಸ್ವಂತ ಪಕ್ಷದ ಚಿಹ್ನೆ ಕರಿ ಚಿರತೆ. ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬೇಕು, ಇಲ್ಲಾಂದ್ರೆ ಗೊಂದಲ ಆಗುತ್ತೆ. ಆಗಿನ ದಕ್ಷಿಣದ ಡೆಮಾಕ್ರಾಟರು ಬಿಳಿಯರ ಪಕ್ಷ, 1960ರ ದಶಕದ ನಂತರ ಬಿಳಿ ಮತದಾರರು ನಿಧಾನಕ್ಕೆ ರಿಪಬ್ಲಿಕನ್ ಕಡೆ ಹೋದ್ರು, ಕಪ್ಪು ಮತದಾರರು ಡೆಮಾಕ್ರಾಟ್ ಕಡೆ ಬಂದ್ರು. ಪಕ್ಷದ ಹೆಸರು ಅದಲುಬದಲಾಯ್ತು, ಬಣ್ಣದ ಪ್ರಕಾರ ಓಟು ಹಂಚಿಹೋಗೋದು ಮಾತ್ರ ಹಾಗೇ ಉಳೀತು.

ಓಟು ಸಿಕ್ತು, ತೂಕ ಸಿಗಲಿಲ್ಲ

ಓಟು ಹಾಕೋದನ್ನ ತಡೆಯೋಕೆ ಆಗದೇ ಹೋದಾಗ ಓಟಿನ ತೂಕ ಕಮ್ಮಿ ಮಾಡೋ ದಾರಿ ಉಳಿದಿತ್ತು. ಮೊಬೀಲ್ ನಗರದಲ್ಲಿ ಮೂವರು ಕಮಿಷನರ್‌ಗಳನ್ನ ವಾರ್ಡ್ ಇಲ್ಲದೇ ಇಡೀ ಊರೇ ಸೇರಿ ಆರಿಸ್ತಿತ್ತು, ಬಿಳಿಯರೇ ಜಾಸ್ತಿ ಇದ್ದಿದ್ದರಿಂದ ಕಪ್ಪು ಜನ ಒಬ್ಬರೂ ಗೆದ್ದಿರಲಿಲ್ಲ. 1980ರಲ್ಲಿ ಸುಪ್ರೀಂ ಕೋರ್ಟ್, ತಾರತಮ್ಯದ ಉದ್ದೇಶ ಇತ್ತು ಅಂತ ಸಾಬೀತು ಮಾಡ್ಬೇಕು ಅಂದಿತು. ಮನಸ್ಸಿನ ಉದ್ದೇಶ ಸಾಬೀತು ಮಾಡೋದು ಎಷ್ಟು ಕಷ್ಟ ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಹಾಗಾಗಿ 1982ರಲ್ಲಿ ಸಂಸತ್ತು ಮತದಾನ ಹಕ್ಕು ಕಾಯ್ದೆಯ 2ನೇ ಸೆಕ್ಷನ್ ತಿದ್ದಿ, ಉದ್ದೇಶ ಬೇಡ, ಪರಿಣಾಮ ತಾರತಮ್ಯದ್ದಾಗಿದ್ರೆ ಸಾಕು ಅಂತ ಮಾಡ್ತು. ಇವತ್ತಿನ ಎಲ್ಲಾ ಜಗಳ ಆ ಒಂದು ತಿದ್ದುಪಡಿ ಸುತ್ತ.

1986ರಿಂದ ಕೋರ್ಟುಗಳು ಮುಖ್ಯವಾಗಿ ಮೂರು ವಿಷಯ ನೋಡ್ತಾ ಬಂದಿವೆ. ಆ ಸಮುದಾಯ ಒಂದು ಕ್ಷೇತ್ರದಲ್ಲಿ ಬಹುಮತ ಆಗುವಷ್ಟು ಸಂಖ್ಯೆಯಲ್ಲಿ ಹತ್ತಿರ ಹತ್ತಿರ ವಾಸ ಮಾಡ್ತಿದೆಯಾ, ಒಗ್ಗಟ್ಟಾಗಿ ಓಟು ಹಾಕ್ತಿದೆಯಾ, ಬಹುಸಂಖ್ಯಾತರು ಒಟ್ಟಾಗಿ ನಿಂತು ಅವರನ್ನ ಸಾಮಾನ್ಯವಾಗಿ ಸೋಲಿಸ್ತಾರಾ. ಬ್ಲ್ಯಾಕ್ ಬೆಲ್ಟಿಗೆ ಮೂರಕ್ಕೂ ಉತ್ತರ ಹೌದು ಅಂತ ಪೀಠ ಕಂಡ್ಕೊಂಡಿದ್ದು. 1992ರಲ್ಲಿ 7ನೇ ಕ್ಷೇತ್ರ ಹುಟ್ಟಿತು, ಆದ್ರೆ ಉಳಿದ ಬ್ಲ್ಯಾಕ್ ಬೆಲ್ಟ್ 1, 2, 3ನೇ ಕ್ಷೇತ್ರಕ್ಕೆ ಹಂಚಿಹೋಗಿತ್ತು.

ಅಲಬಾಮಾ ಮುಂಚೆ ಗೆರೆ ಬದಲಿಸೋಕೆ ಕೇಂದ್ರದ ಅನುಮತಿ ಮೊದಲೇ ತಗೋಬೇಕಿತ್ತು. 2013ರಲ್ಲಿ ಅಲಬಾಮಾದ್ದೇ ಶೆಲ್ಬಿ ಕೌಂಟಿ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್ ಆ ವ್ಯವಸ್ಥೆಯನ್ನ ನಿಷ್ಕ್ರಿಯ ಮಾಡ್ತು. ಹಾಗಾಗಿ 2021ರ ನಕ್ಷೆಯನ್ನ ಮೊದಲೇ ತಡೆಯೋರು ಯಾರೂ ಇರಲಿಲ್ಲ, ಉಳಿದ ಆಯುಧ 2ನೇ ಸೆಕ್ಷನ್ ಒಂದೇ.

ರಾಜ್ಯ ಏನು ಹೇಳುತ್ತೆ

ರಾಜ್ಯದ ವಾದವನ್ನ ತಳ್ಳಿಹಾಕೋ ಮುಂಚೆ ಸರಿಯಾಗಿ ಕೇಳ್ಬೇಕು. ಮೊದಲನೇದು, ನಕ್ಷೆ ಮಾಡುವಾಗ ಬಣ್ಣ ನೋಡಲೇಬಾರದು, ಬಣ್ಣ ನೋಡಿ ಜನರನ್ನ ಕ್ಷೇತ್ರಕ್ಕೆ ಹಾಕೋದೇ ಸಂವಿಧಾನದ ಸಮಾನತೆಗೆ ವಿರುದ್ಧ. ಎರಡನೇದು, ಮೊಬೀಲ್ ಮತ್ತು ಬಾಲ್ಡ್‌ವಿನ್ ಕೌಂಟಿಗಳ ಕಡಲ ತೀರ ಒಂದೇ ಬದುಕು. 1702ರಲ್ಲಿ ಫ್ರೆಂಚರು ಕಟ್ಟಿದ ಮೊಬೀಲ್, ಆಮೇಲೆ ಸ್ಪ್ಯಾನಿಷರ ಕೈಲಿದ್ದ ಊರು, ಮಾರ್ಡಿ ಗ್ರಾ ಹಬ್ಬ, ಬಂದರಿನ ಕೆಲಸ, ಇದನ್ನ ಒಡೆದು ಒಳನಾಡಿಗೆ ಯಾಕೆ ಸೇರಿಸ್ತೀರಿ ಅಂತ. ಮೂರನೇದು, ಇದು ಬಣ್ಣದ ವಿಷಯವೇ ಅಲ್ಲ ಪಕ್ಷದ್ದು, ಕಪ್ಪು ಅಭ್ಯರ್ಥಿ ಸೋಲೋದು ಡೆಮಾಕ್ರಾಟ್ ಅನ್ನೋ ಕಾರಣಕ್ಕೆ.

ಎರಡನೇ ವಾದದಲ್ಲಿ ಸ್ವಲ್ಪ ಹುರುಳಿದೆ, ಕಡಲ ತೀರದ ಸಂಸ್ಕೃತಿ ನಿಜ. ಆದ್ರೆ ಒಂದೇ ಮಣ್ಣು, ಒಂದೇ ಇತಿಹಾಸ, ಒಂದೇ ಬಡತನ ಹಂಚಿಕೊಂಡ ಬ್ಲ್ಯಾಕ್ ಬೆಲ್ಟೂ ಅಷ್ಟೇ ನಿಜವಾದ ಬದುಕು ತಾನೇ? ತೀರವನ್ನ ಒಡೀಬೇಡಿ ಅನ್ನೋರು ಬೆಲ್ಟನ್ನ ದಶಕಗಟ್ಟಲೆ ಒಡೆದಿಟ್ಟಿದ್ರು. ಮೊದಲನೇ ವಾದವೂ ಕೇಳೋಕೆ ನ್ಯಾಯವಾಗಿದೆ, ಆದ್ರೆ 28 ಮೂಲೆಯ ಗಡಿ ಕತ್ತರಿಸಿದ ರಾಜ್ಯದಲ್ಲಿ ಇವತ್ತಿಂದ ಬಣ್ಣ ನೋಡಲ್ಲ ಅಂದ್ರೆ, ಬಣ್ಣ ನೋಡಿ ಮಾಡಿದ ಹಳೇ ಹಂಚಿಕೆ ಹಾಗೇ ಮುಂದುವರಿಯುತ್ತೆ ಅಂತಲೇ ಅರ್ಥ.

ಲೂಸಿಯಾನ ಕೇಸು ಯಾಕೆ ಮುಖ್ಯ

ಲೂಸಿಯಾನದಲ್ಲಿ ಮೂರರಲ್ಲಿ ಒಬ್ಬರು ಕಪ್ಪು ಜನ, ಸೀಟು 6. ಅಲಬಾಮಾ ತೀರ್ಪಿನ ಬೆನ್ನಿಗೆ ಅಲ್ಲಿ 2024ರಲ್ಲಿ ಕಪ್ಪು ಬಹುಮತದ ಎರಡನೇ ಕ್ಷೇತ್ರ ಮಾಡಿದ್ರು. ಅದರ ವಿರುದ್ಧ ಬೇರೆ ಮತದಾರರು, ಇದು ಬಣ್ಣ ನೋಡಿ ಮಾಡಿದ ನಕ್ಷೆ ಅಂತ ಕೇಸು ಹಾಕಿದ್ರು. 2025ರ ಮಾರ್ಚ್‌ನಲ್ಲಿ ವಾದ ಕೇಳಿದ ಸುಪ್ರೀಂ ಕೋರ್ಟ್ ತೀರ್ಪು ಕೊಡದೇ ಪ್ರಶ್ನೆಯನ್ನೇ ದೊಡ್ಡದು ಮಾಡ್ತು, ಬೇಕಂತಲೇ ಅಂಥ ಕ್ಷೇತ್ರ ಮಾಡೋದು ಸಂವಿಧಾನದ 14ನೇ ತಿದ್ದುಪಡಿ (ಕಾನೂನಿನ ಮುಂದೆ ಸಮಾನತೆ) ಮತ್ತು 15ನೇ ತಿದ್ದುಪಡಿಗೆ (ಬಣ್ಣದ ಕಾರಣಕ್ಕೆ ಓಟು ತಪ್ಪಿಸಬಾರದು) ವಿರುದ್ಧವಾ ಅಂತ. 2023ರಲ್ಲಿ ನ್ಯಾಯಮೂರ್ತಿ ಕವನಾ ಬಹುಮತದ ಜೊತೆ ನಿಂತಿದ್ರೂ, ಬಣ್ಣದ ಆಧಾರದ ಕ್ಷೇತ್ರ ವಿಂಗಡಣೆ ಅನಂತಕಾಲ ನಡೆಯೋಕಾಗಲ್ಲ ಅನ್ನೋ ಮಾತಿಗೆ ಪ್ರತ್ಯೇಕ ಟಿಪ್ಪಣಿಯಲ್ಲಿ ಜಾಗ ಬಿಟ್ಟಿದ್ರು. 5-4ರಲ್ಲಿ ಒಬ್ಬರ ಮನಸ್ಸು ಬದಲಾದ್ರೆ ಸಾಕು. ಎರಡು ವರ್ಷಕ್ಕೆ ಪ್ರಶ್ನೆ ವಾಪಸ್ ಬಂದ ಕಾರಣ ಇಷ್ಟೇ.

ಏನಾಗಬಹುದು

2ನೇ ಸೆಕ್ಷನ್ ಬಲ ಕಳ್ಕೊಂಡ್ರೆ ರಾಜ್ಯಗಳಿಗೆ ಒಂದು ನೇರ ದಾರಿ ತೆರೆಯುತ್ತೆ. ಪಕ್ಷದ ಲಾಭಕ್ಕೆ ಗೆರೆ ಎಳೆಯೋದರಲ್ಲಿ ಫೆಡರಲ್ ಕೋರ್ಟು ಕೈ ಹಾಕಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಬಣ್ಣ ಮತ್ತು ಪಕ್ಷ ಒಂದರ ಮೇಲೊಂದು ಕೂತಿರೋ ಅಲಬಾಮಾದಲ್ಲಿ, ನಾವು ಒಡೆದಿದ್ದು ಡೆಮಾಕ್ರಾಟರನ್ನ ಅಂತ ಹೇಳಿ ಕಪ್ಪು ಜನರನ್ನ ಒಡೆಯಬಹುದು. 2024ರ ಚುನಾವಣೆಯಲ್ಲಿ ಕೆಳಮನೆ ಲೆಕ್ಕ ರಿಪಬ್ಲಿಕನ್ 220, ಡೆಮಾಕ್ರಾಟ್ 215, ಅಷ್ಟು ಕಮ್ಮಿ ಅಂತರದಲ್ಲಿ ಒಂದೊಂದು ಸೀಟಿಗೂ ಬೆಲೆ ಇದೆ, ಹಾಗಾಗಿ ಆ ಆಸೆಯೂ ದೊಡ್ಡದು. ಸಂಸತ್ತಿಗೆ ಮಾತ್ರ ಅಲ್ಲ, ರಾಜ್ಯ ಸೆನೆಟ್, ಕೌಂಟಿ ಕಮಿಷನ್, ಸ್ಕೂಲ್ ಬೋರ್ಡ್‌ಗಳೂ ಇದೇ ಸೆಕ್ಷನ್ ನೆರಳಲ್ಲಿವೆ.

ಆದ್ರೆ ಅಲಬಾಮಾ ನಕ್ಷೆ ಲೂಸಿಯಾನದ ಜೊತೆಗೇ ತಾನಾಗಿ ಬೀಳಲ್ಲ. ಮೇಲೆ ನೆನಪಲ್ಲಿಟ್ಕೊಳ್ಳಿ ಅಂದಿದ್ದು ಇದನ್ನೇ. 2025ರ ಮೇ ತೀರ್ಪು 2ನೇ ಸೆಕ್ಷನ್ ಜೊತೆಗೆ, ಉದ್ದೇಶಪೂರ್ವಕ ತಾರತಮ್ಯ ಅಂತ 14ನೇ ತಿದ್ದುಪಡಿಯ ಮೇಲೂ ನಿಂತಿದೆ, ರಾಜ್ಯ ಅದನ್ನೂ ಬೇರೆಯಾಗಿ ಉರುಳಿಸಬೇಕು.

ಸೀಟು ಸಿಕ್ಕ ಮಾತ್ರಕ್ಕೆ ಎಲ್ಲಾ ಸರಿಹೋಗುತ್ತೆ ಅಂತಲೂ ಅಲ್ಲ. ಲೌಂಡ್ಸ್ ಕೌಂಟಿಯಲ್ಲಿ ಅದೇ ಜೇಡಿಮಣ್ಣು ನೀರು ಇಂಗಿಸಲ್ಲ, ಮಾಮೂಲಿ ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡಲ್ಲ, ಆ ಮಣ್ಣಿಗೆ ಹೊಂದೋ ವ್ಯವಸ್ಥೆಗೆ ಹತ್ತಾರು ಸಾವಿರ ಡಾಲರ್ ಬೇಕು. ಹಾಗಾಗಿ ಎಷ್ಟೋ ಮನೆಗಳಿಂದ ಒಂದು ಪಿವಿಸಿ ಪೈಪು ನೇರ ಹಿತ್ತಲಿನ ಗುಂಡಿಗೆ, ಮಳೆ ಬಂದಾಗ ಹೊಲಸು ಮನೆ ಬಾಗಿಲಿಗೆ. 2023ರಲ್ಲಿ ಕೇಂದ್ರದ ನ್ಯಾಯ ಇಲಾಖೆ ರಾಜ್ಯದ ಆರೋಗ್ಯ ಇಲಾಖೆ ಜೊತೆ ಇದಕ್ಕೊಂದು ಒಪ್ಪಂದ ಮಾಡಿಸಿತ್ತು, 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸರ್ಕಾರ ಅದನ್ನ ರದ್ದು ಮಾಡ್ತು. ಏಳರಲ್ಲಿ ಒಂದೇ ದನಿಯಾಗಿ ಮೂವತ್ತು ವರ್ಷ ಕಳೆದ ಸೀಮೆಗೆ ಎರಡನೇ ದನಿ ಯಾಕೆ ಬೇಕಾಯ್ತು ಅಂತ ಆ ಹಿತ್ತಲು ನೋಡಿದ್ರೆ ತಿಳಿಯುತ್ತೆ.

1957ರಲ್ಲಿ 28 ಮೂಲೆಯ ಗಡಿ ಎಳೆದು ಕಪ್ಪು ಮತದಾರರನ್ನ ಹೊರಗಿಟ್ಟ ಟಸ್ಕೀಗಿ, 2024ರ ಚುನಾವಣೆ ನಡೆದ ನಕ್ಷೆಯಲ್ಲಿ ಆ 2ನೇ ಕ್ಷೇತ್ರದಲ್ಲಿದೆ. 2021ರ ನಕ್ಷೆಗೆ ವಾಪಸ್ ಹೋದ್ರೆ ಅದು 3ನೇ ಕ್ಷೇತ್ರಕ್ಕೆ ಹೋಗುತ್ತೆ, ಅಲ್ಲಿಂದ ಗಂಟೆಯೊಳಗಿನ ದಾರಿಯ ಮಾಂಟ್ಗೊಮರಿ ಮತ್ತೆ 2 ಮತ್ತು 7ರ ಮಧ್ಯೆ ಎರಡು ಹೋಳಾಗುತ್ತೆ.